ಪ್ರಾದೇಶಿಕ ವಿಮಾನ ಚಾಲಕರ ಬಡ್ತಿ ಮತ್ತು ಸೇವಾಕರಾರು: ಪಶ್ಚಿಮ ಬಳ್ಳಾರಿ ಸೀಮೆಯ ದೃಷ್ಟಿಯಿಂದ ಒಂದು ಚಾರಿತ್ರಿಕ ವಿವೇಚನೆ

1953ನೆಯ ಇಸವಿಯಲ್ಲಿ ಎರಡು ತಿಂಗಳ ಅಂತರದಲ್ಲಿ ಎರಡು ಬದಲಾವಣೆಗಳು ನಡೆದುವು. ಆ ವರ್ಷದ ಅಕ್ಟೋಬರ್ 1ರಂದು, ಅದುವರೆಗೆ ಮದರಾಸು ರಾಜ್ಯದಲ್ಲಿದ್ದ ಬಳ್ಳಾರಿ ಜಿಲ್ಲೆಯ ಕನ್ನಡ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದುವು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳು ಅವುಗಳಲ್ಲಿದ್ದುವು. ಅದಕ್ಕೆ ಮೊದಲು ಆಗಸ್ಟ್ 1ರಂದು ದೇಶದೊಳಗೆ ವಿಮಾನಗಳನ್ನು ಓಡಿಸುತ್ತಿದ್ದ ಎಂಟು ಖಾಸಗಿ ಕಂಪೆನಿಗಳು ಇಂಡಿಯನ್ ಏರ್‌ಲೈನ್ಸ್ ಕಾರ್ಪೊರೇಷನ್ ಎಂಬ ಒಂದೇ ಸರ್ಕಾರಿ ನಿಗಮದಲ್ಲಿ ಲೀನವಾದುವು. ಮೊದಲನೆಯ ಘಟನೆ ಈ ಸೀಮೆಯ ಪ್ರತಿಯೊಬ್ಬ ವಿದ್ಯಾರ್ಥಿಗೂ ತಿಳಿದುದೇ ಆಗಿದೆ. ಎರಡನೆಯದರ ಫಲವನ್ನು ನಮ್ಮ ಚರಿತ್ರಕಾರರು ಅಷ್ಟಾಗಿ ಪರಿಶೀಲಿಸಿಲ್ಲ. ಅರವತ್ತನಾಲ್ಕು ವರ್ಷಗಳ ತರುವಾಯ, 2017ರಲ್ಲಿ, ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಬಳಿಯ ವಿದ್ಯಾನಗರದಿಂದ ಪ್ರಾದೇಶಿಕ ವಿಮಾನಗಳು ಏರತೊಡಗಿದಾಗ, ಕೊಟ್ಟೂರು, ಹಗರಿಬೊಮ್ಮನಹಳ್ಳಿಗಳ ತರುಣರಿಗೂ ವಿಮಾನ ಚಾಲಕನ ವೃತ್ತಿ ಕೈಗೆಟುಕುವ ದೂರದಲ್ಲಿರುವಂತೆ ತೋರಿತು. ಆ ವೃತ್ತಿಯಲ್ಲಿ ಮೇಲೇರುವ ಬಗೆ ಹೇಗೆ, ಅದನ್ನು ಕಟ್ಟಿಹಾಕುವ ಕರಾರು ಯಾವುದು, ಈ ಎರಡೂ ಕಾಲಕ್ರಮದಲ್ಲಿ ಹೇಗೆ ಬದಲಾದುವು ಎಂಬುದನ್ನು ನಾವು ಇಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

ಮೊದಲು ವೃತ್ತಿಯ ಸ್ವರೂಪವನ್ನು ಸಂಕ್ಷೇಪವಾಗಿ ತಿಳಿಯುವುದು ಅವಶ್ಯಕ. ಸಾರಿಗೆ ವಿಮಾನದ ಮುಂಭಾಗದಲ್ಲಿ ಇಬ್ಬರು ಚಾಲಕರು ಕುಳಿತಿರುತ್ತಾರೆ. ಎಡಗಡೆಯ ಪೀಠ ಮುಖ್ಯ ಚಾಲಕನದು, ಬಲಗಡೆಯದು ಸಹಚಾಲಕನದು. ವಾಣಿಜ್ಯ ಲೈಸೆನ್ಸ್ ಪಡೆಯಲು ಭಾರತದಲ್ಲಿ ಕನಿಷ್ಠ 200 ಗಂಟೆಗಳ ಹಾರಾಟ ಬೇಕು. ಹದಿನೆಂಟು ವರ್ಷ ತುಂಬಿರಬೇಕು. ಕಠಿನವಾದ ದೇಹಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಮುಖ್ಯ ಚಾಲಕನಾಗಲು ಬೇಕಾದ ಮೇಲಣ ಲೈಸೆನ್ಸಿಗೆ 1,500 ಗಂಟೆಗಳ ಹಾರಾಟ ಅಗತ್ಯ. ಇವೆರಡರ ನಡುವಣ ಗಂಟೆಗಳನ್ನು ತರುಣನು ಸಾಮಾನ್ಯವಾಗಿ ಬಲಗಡೆಯ ಪೀಠದಲ್ಲಿ ಕುಳಿತು ಸಂಪಾದಿಸಬೇಕು. ಇದಲ್ಲದೆ ಪ್ರತಿಯೊಂದು ಜಾತಿಯ ವಿಮಾನಕ್ಕೂ ಪ್ರತ್ಯೇಕವಾದ ಅರ್ಹತೆ ಬೇಕು. ಎ.ಟಿ.ಆರ್. ಎಂಬ ಪಂಖದ ವಿಮಾನದಲ್ಲಿ ಪಳಗಿದವನು ಮರುದಿನವೇ ಏರ್‌ಬಸ್ ಜೆಟ್ ವಿಮಾನವನ್ನು ನಡೆಸಲಾರ. ಹೊಸ ಶಿಕ್ಷಣ, ಹೊಸ ಪರೀಕ್ಷೆ, ಹೊಸ ವೆಚ್ಚಗಳು ಅವನ ಪಾಲಿಗೆ ಬರುತ್ತವೆ. ಹೀಗೆ ಈ ವೃತ್ತಿಯಲ್ಲಿ ಬಡ್ತಿ ಎಂಬುದು ಗಂಟೆಗಳ ಗಳಿಕೆ, ವಿಮಾನದ ಜಾತಿ, ಖಾಲಿಯಾಗುವ ಎಡಪೀಠ ಎಂಬ ಮೂರನ್ನು ಅವಲಂಬಿಸಿದೆ. ಈ ಮೂರೂ ಚಾಲಕನ ಸ್ವಂತ ಶ್ರಮಕ್ಕಿಂತ ಹೆಚ್ಚಾಗಿ ಕಂಪೆನಿಯ ಭಾಗ್ಯವನ್ನೇ ಹಿಡಿದುಕೊಂಡಿವೆ. ಹಾರಾಟ ನಿಂತರೆ ಗಂಟೆಗಳೂ ನಿಲ್ಲುತ್ತವೆ.

ಸೇವೆಗೆ ಷರತ್ತನ್ನು ಹೂಡುವ ಪದ್ಧತಿ ನಮ್ಮ ಸೀಮೆಗೆ ಹೊಸದಲ್ಲ. ವಿಜಯನಗರದ ಅರಸರ ಕಾಲದಲ್ಲಿ ನಾಯಕರು ದಂಡನ್ನು ಒದಗಿಸುವ ಕಟ್ಟುಪಾಡಿನ ಮೇಲೆ ಭೂಮಿಯನ್ನು ಅನುಭವಿಸುತ್ತಿದ್ದರು. ಹರಪನಹಳ್ಳಿಯ ಪಾಳೆಯಗಾರರ ಆಳ್ವಿಕೆಯೂ ಅದೇ ಪರಂಪರೆಯಿಂದ ಬೆಳೆದುದು. ಅಂತಹ ಯಾವ ಏರ್ಪಾಡನ್ನೇ ಪರೀಕ್ಷಿಸಿದರೂ ಚರಿತ್ರೆಯ ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆಗಳು ಮೂರು: ಸೇವಕನನ್ನು ಸಜ್ಜುಗೊಳಿಸುವ ವೆಚ್ಚ ಯಾರದು? ಸಂಬಂಧವನ್ನು ಮುರಿಯುವ ಅಧಿಕಾರ ಯಾರದು? ಯಜಮಾನನು ಕೆಟ್ಟರೆ ಸೇವಕನ ಗತಿ ಏನು? ವಿಮಾನ ಚಾಲಕರ ಕರಾರನ್ನೂ ಈ ಮೂರು ಪ್ರಶ್ನೆಗಳಿಂದಲೇ ಅಳೆಯಬಹುದೆಂದು ನಮ್ಮ ಅಭಿಪ್ರಾಯ.

ದಕ್ಷಿಣ ಭಾರತದಲ್ಲಿ ಪ್ರಾದೇಶಿಕ ವಿಮಾನಸಾರಿಗೆಯ ಮೊದಲ ಘಟ್ಟಕ್ಕೆ ಸೇರಿದುದು ಹೈದರಾಬಾದಿನ ಡೆಕ್ಕನ್ ಏರ್‌ವೇಸ್. ನಿಜಾಂ ಸಂಸ್ಥಾನದ ರೈಲ್ವೆ ಮತ್ತು ಟಾಟಾ ಸಂಸ್ಥೆಗಳು ಕೂಡಿ 1945ರಲ್ಲಿ ಸ್ಥಾಪಿಸಿದ ಈ ಕಂಪೆನಿ, ಯುದ್ಧಾನಂತರ ಅಗ್ಗವಾಗಿ ದೊರೆತ ಡಕೋಟಾ ವಿಮಾನಗಳಿಂದ ಹೈದರಾಬಾದನ್ನು ಮದರಾಸು, ಬೆಂಗಳೂರು, ದಿಲ್ಲಿಗಳೊಡನೆ ಕೂಡಿಸಿತು. ಭಾರತದಲ್ಲಿ ವಾಣಿಜ್ಯ ಚಾಲಕರ ಲೈಸೆನ್ಸ್ ಪಡೆದ ಮೊದಲ ಮಹಿಳೆ ಪ್ರೇಮ್ ಮಾಥುರ್ ಅವರು 1947ರಲ್ಲಿ ಆ ಲೈಸೆನ್ಸನ್ನು ಗಳಿಸಿದರು. ಅನೇಕ ಕಂಪೆನಿಗಳು ಬಾಗಿಲು ಮುಚ್ಚಿದ ಮೇಲೆ ಅವರನ್ನು ಸಹಚಾಲಕಿಯಾಗಿ ಸೇರಿಸಿಕೊಂಡುದು ಡೆಕ್ಕನ್ ಏರ್‌ವೇಸ್. ಬೇಕಾದಷ್ಟು ಗಂಟೆಗಳು ಕೂಡಿಬಂದರೂ ಅವರಿಗೆ ಅಲ್ಲಿ ಎಡಗಡೆಯ ಪೀಠ ದೊರೆಯಲಿಲ್ಲ. ಅವರು ಆ ಕಂಪೆನಿಯನ್ನು ಬಿಟ್ಟು ದಿಲ್ಲಿಗೆ ಹೋದರೆಂದೂ 1953ರಲ್ಲಿ ಇಂಡಿಯನ್ ಏರ್‌ಲೈನ್ಸನ್ನು ಸೇರಿದರೆಂದೂ ತಿಳಿದುಬರುತ್ತದೆ. ಲೈಸೆನ್ಸು ಕೊಡುವುದು ಸರ್ಕಾರ, ಪೀಠ ಕೊಡುವುದು ಕಂಪೆನಿ ಎಂಬ ಭೇದವು ಈ ವೃತ್ತಿಯ ಆರಂಭದಲ್ಲಿಯೇ ಹೀಗೆ ಗೋಚರವಾಯಿತು.

ಅದೇ ಕಾಲಕ್ಕೆ ಮೈಸೂರು ರಾಜ್ಯದಲ್ಲಿ ಚಾಲಕರ ಶಿಕ್ಷಣಕ್ಕೂ ಏರ್ಪಾಡಾಯಿತು. ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ಶಿಕ್ಷಣಶಾಲೆ 1949ರಲ್ಲಿ ಕಾರ್ಯಾರಂಭ ಮಾಡಿತು. ಅಲ್ಲಿಂದ ಮೊದಲು ತೇರ್ಗಡೆಯಾಗಿ ಹೊರಬಂದವರು ಉಷಾ ಸುಂದರಂ. ಅವರ ಪತಿ ವಿ. ಸುಂದರಂ ಅವರು ಮೈಸೂರು ಮಹಾರಾಜರ ವಿಮಾನ ಚಾಲಕರಾಗಿದ್ದವರು. ರಾಜ್ಯವೇ ಶಾಲೆಯನ್ನು ನಡೆಸಿದುದರ ಅರ್ಥ ಗಮನಾರ್ಹವಾದುದು: ಚಾಲಕನನ್ನು ಸಜ್ಜುಗೊಳಿಸುವ ವೆಚ್ಚದಲ್ಲಿ ಸಮಾಜಕ್ಕೂ ಪಾಲುಂಟು ಎಂಬ ಭಾವನೆ ಆಗ ಇದ್ದಿತು.

ಇನ್ನು 1953ರ ರಾಷ್ಟ್ರೀಕರಣದ ವಿಷಯ. ಏರ್ ಕಾರ್ಪೊರೇಷನ್ಸ್ ಶಾಸನವನ್ನು ಸಾಮಾನ್ಯವಾಗಿ ಕಂಪೆನಿಗಳ ಒಡೆತನ, ಪರಿಹಾರಧನಗಳ ದೃಷ್ಟಿಯಿಂದ ಓದುವುದು ವಾಡಿಕೆ. ನಮ್ಮ ವಿಷಯಕ್ಕೆ ಮುಖ್ಯವಾದುದು ಅದರ 20ನೆಯ ಪ್ರಕರಣ. 1952ರ ಜುಲೈ 1ಕ್ಕೆ ಮೊದಲು ಕಂಪೆನಿಯ ಸೇವೆಗೆ ಸೇರಿ, ಹಸ್ತಾಂತರದ ದಿನದವರೆಗೂ ಸೇವೆಯಲ್ಲಿದ್ದ ನೌಕರನು ಅದೇ ಸಂಬಳ, ಅದೇ ಅವಧಿ, ಅದೇ ಷರತ್ತುಗಳ ಮೇಲೆ ನಿಗಮದ ನೌಕರನಾಗತಕ್ಕದ್ದೆಂದು ಅದು ವಿಧಿಸಿತು. ಎಂದರೆ, ಯಜಮಾನನು ಕೆಟ್ಟರೆ ಸೇವಕನ ಗತಿ ಏನು ಎಂಬ ಪ್ರಶ್ನೆಗೆ ಶಾಸನವೇ ಉತ್ತರ ಕೊಟ್ಟಿತು. ಎಂಟು ಕಂಪೆನಿಗಳ ಚಾಲಕರು ಒಂದೇ ಯಜಮಾನನ ಕೆಳಗೆ ಬಂದರು; ಮೇಲೇರುವ ಮೆಟ್ಟಿಲು ಉದ್ದವಾಯಿತು; ಆದರೆ ಅದು ಕಣ್ಣಿಗೆ ಕಾಣುವಂತಹುದಾಯಿತು. ಡಕೋಟಾದಿಂದ ವೈಕೌಂಟ್, ಆವ್ರೋ, ಬಳಿಕ ಜೆಟ್ ವಿಮಾನಗಳಿಗೆ ಚಾಲಕನು ಅದೇ ನಿಗಮದೊಳಗೆ ಏರಬಹುದಾಗಿತ್ತು. ಈ ಏರ್ಪಾಡಿನ ದೋಷವನ್ನೂ ಮರೆಮಾಚಬೇಕಾಗಿಲ್ಲ. ನಿಗಮವನ್ನು ಬಿಟ್ಟವನಿಗೆ ದೇಶದೊಳಗಿನ ನಿಯತ ವಿಮಾನಸಾರಿಗೆಯಲ್ಲಿ ಹೆಚ್ಚಿನ ಆಸರೆ ಇರಲಿಲ್ಲ. ಸೇವಾಹಿರಿತನವೇ ಪ್ರಧಾನವಾದಲ್ಲಿ ಯೋಗ್ಯತೆ ಹಿಂದೆ ಬೀಳುವ ಸಂಭವವೂ ಉಂಟು.

ಸಣ್ಣ ಊರುಗಳಿಗೆ ವಿಮಾನವನ್ನು ಒಯ್ಯುವ ಉದ್ದೇಶದಿಂದ 1981ರ ಜನವರಿಯಲ್ಲಿ ವಾಯುದೂತ್ ಎಂಬ ಪ್ರತ್ಯೇಕ ಸಂಸ್ಥೆ ಸ್ಥಾಪನೆಯಾಯಿತು. ಏರ್ ಇಂಡಿಯಾ, ಇಂಡಿಯನ್ ಏರ್‌ಲೈನ್ಸ್ ಎರಡೂ ಕೂಡಿ ನಡೆಸಿದ ಈ ಸಂಸ್ಥೆ ಡಾರ್ನಿಯರ್ ಎಂಬ ಹತ್ತೊಂಬತ್ತು ಆಸನಗಳ ಸಣ್ಣ ವಿಮಾನಗಳನ್ನು ಬಳಸಿತು. ಪ್ರಾದೇಶಿಕ ಚಾಲಕ ಎಂಬ ಬೇರೆ ವರ್ಗವೊಂದು ನಮ್ಮ ದೇಶದಲ್ಲಿ ಸ್ಪಷ್ಟವಾಗಿ ಮೂಡಿದುದು ಇದರೊಡನೆ ಎಂದು ಹೇಳಬಹುದು. ಸಂಸ್ಥೆ ನಷ್ಟದಲ್ಲಿ ಮುಳುಗಿ 1993ರಲ್ಲಿ ಇಂಡಿಯನ್ ಏರ್‌ಲೈನ್ಸಿನೊಡನೆ ವಿಲೀನವಾಯಿತು. ಇಂತಹ ವಿಲೀನಗಳಲ್ಲಿ ಸಣ್ಣ ವಿಮಾನದಲ್ಲಿ ಕಳೆದ ವರ್ಷಗಳನ್ನು ದೊಡ್ಡ ಸಂಸ್ಥೆಯ ಹಿರಿತನದ ಪಟ್ಟಿಯಲ್ಲಿ ಹೇಗೆ ಎಣಿಸಬೇಕು ಎಂಬ ಪ್ರಶ್ನೆ ತಪ್ಪದೆ ಏಳುತ್ತದೆ. ಪಟ್ಟಿಯಲ್ಲಿ ಒಂದು ಸ್ಥಾನ ಕೆಳಗಿಳಿದರೆ ಎಡಪೀಠ ವರ್ಷಗಟ್ಟಲೆ ದೂರವಾಗುವುದುಂಟು. 1994ರಲ್ಲಿ 1953ರ ಶಾಸನವೇ ರದ್ದಾಗಿ, ಖಾಸಗಿ ಕಂಪೆನಿಗಳಿಗೆ ದಾರಿ ತೆರೆಯಿತು. ಅದರೊಡನೆ, ಸೇವಕನ ಷರತ್ತುಗಳನ್ನು ಶಾಸನವೇ ಕಾಪಾಡಿದ ಕಾಲವೂ ಮುಗಿಯಿತು.

ಹಾಸನ ಜಿಲ್ಲೆಯ ಗೊರೂರಿನವರಾದ ಕ್ಯಾಪ್ಟನ್ ಜಿ. ಆರ್. ಗೋಪೀನಾಥ್ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಏರ್ ಡೆಕ್ಕನ್ 2003ರ ಆಗಸ್ಟಿನಲ್ಲಿ ಹಾರಾಟವನ್ನು ಆರಂಭಿಸಿತು. ನಲವತ್ತೆಂಟು ಆಸನಗಳ ಎ.ಟಿ.ಆರ್. ವಿಮಾನಗಳಿಂದ ಹುಬ್ಬಳ್ಳಿ, ಮಂಗಳೂರುಗಳಂತಹ ನಗರಗಳನ್ನು ಬೆಂಗಳೂರಿಗೆ ಕೂಡಿಸಿದ ಈ ಕಂಪೆನಿ, ಮರುವರ್ಷವೇ ಏರ್‌ಬಸ್ ವಿಮಾನಗಳನ್ನು ತರಿಸಿತು. ಸಣ್ಣ ವಿಮಾನದ ಚಾಲಕನಿಗೆ ಅದೇ ಕಂಪೆನಿಯೊಳಗೆ ದೊಡ್ಡ ವಿಮಾನ ಕಾಣುವಂತಾದುದು ಇದರಿಂದ. ದೇಶದಲ್ಲಿ ಹೊಸ ಕಂಪೆನಿಗಳು ಒಂದರ ಮೇಲೊಂದು ಹುಟ್ಟುತ್ತಿದ್ದ ಆ ದಿನಗಳಲ್ಲಿ ಚಾಲಕರಿಗೆ ಬರಗಾಲ ಬಂದಿತು. ಗಂಟೆಗಳುಳ್ಳ ಚಾಲಕನನ್ನು ಒಬ್ಬರಿಂದೊಬ್ಬರು ಸೆಳೆಯತೊಡಗಿದರು. ಆದರೆ 2007ರಲ್ಲಿ ಕಿಂಗ್‌ಫಿಷರ್ ಸಂಸ್ಥೆ ಏರ್ ಡೆಕ್ಕನ್ನಿನ ಪಾಲನ್ನು ಕೊಂಡಿತು. 2008ರಲ್ಲಿ ಎರಡೂ ಒಂದಾದುವು. 2012ರಲ್ಲಿ ತಿಂಗಳುಗಟ್ಟಲೆ ಸಂಬಳ ಕಾಣದ ಚಾಲಕರೂ ಯಂತ್ರಶಿಲ್ಪಿಗಳೂ ಕೆಲಸ ನಿಲ್ಲಿಸಿದರು. ಆ ಅಕ್ಟೋಬರ್ 20ರಂದು ಕಂಪೆನಿಯ ಪರವಾನಗಿ ಅಮಾನತಾಯಿತು. 1953ರಲ್ಲಿ ಕಂಪೆನಿ ಹೋದರೂ ಸೇವೆ ಉಳಿಯಿತು. 2012ರಲ್ಲಿ ಕಂಪೆನಿಯೊಡನೆ ಸೇವೆಯೂ ಹೋಯಿತು. ಈ ಎರಡು ವರ್ಷಗಳ ಅಂತರವೇ ನಮ್ಮ ವಿವೇಚನೆಯ ತಿರುಳು.

ಪ್ರಾದೇಶಿಕ ಸಂಪರ್ಕದ ಯೋಜನೆ, ಎಂದರೆ ಉಡಾನ್, 2016ರ ಅಕ್ಟೋಬರಿನಲ್ಲಿ ಪ್ರಕಟವಾಗಿ, ಮರುವರ್ಷದ ಏಪ್ರಿಲ್ 27ರಂದು ಶಿಮ್ಲಾದಿಂದ ಮೊದಲ ವಿಮಾನದೊಡನೆ ಆರಂಭವಾಯಿತು. ಇದರ ಕರಾರನ್ನು ವಾಚಕರು ಗಮನವಿಟ್ಟು ನೋಡಬೇಕು. ಸುಮಾರು ಒಂದು ಗಂಟೆಯ ಪ್ರಯಾಣಕ್ಕೆ ಆರಂಭದಲ್ಲಿ 2,500 ರೂಪಾಯಿಗಳ ಮಿತಿ. ಅರ್ಧದಷ್ಟು ಆಸನಗಳು ಆ ದರಕ್ಕೆ ಮೀಸಲು. ಕಂಪೆನಿಗೆ ಬರುವ ಕೊರತೆಯನ್ನು ತುಂಬಲು ಮೂರು ವರ್ಷಗಳ ಸಹಾಯಧನ. ಆ ಮೂರು ವರ್ಷಗಳವರೆಗೆ ಅದೇ ದಾರಿಯಲ್ಲಿ ಬೇರೆಯವರು ಬಾರದಂತೆ ಏಕಸ್ವಾಮ್ಯ. ಪ್ರಯಾಣಿಕನ ದರಕ್ಕೆ ಭರವಸೆ ದೊರೆಯಿತು; ಕಂಪೆನಿಯ ಆದಾಯಕ್ಕೂ ದೊರೆಯಿತು. ವಿಮಾನವನ್ನು ನಡೆಸುವವನ ಸೇವೆಯ ವಿಷಯದಲ್ಲಿ ಮಾತ್ರ ಅಂತಹ ಭರವಸೆ ಈ ಏರ್ಪಾಡಿನ ಭಾಗವಾಗಲಿಲ್ಲ.

ವಿದ್ಯಾನಗರದ ವಿಮಾನ ನಿಲ್ದಾಣ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಒಡೆತನದವರು ನಿರ್ಮಿಸಿದುದು. 2017ರ ಸೆಪ್ಟೆಂಬರಿನಲ್ಲಿ ಹೈದರಾಬಾದಿನ ಟ್ರೂಜೆಟ್ ಕಂಪೆನಿ ಎ.ಟಿ.ಆರ್. ವಿಮಾನಗಳಿಂದ ಹೈದರಾಬಾದು, ವಿದ್ಯಾನಗರ, ಬೆಂಗಳೂರುಗಳ ನಡುವೆ ಉಡಾನ್ ಸೇವೆಯನ್ನು ತೊಡಗಿಸಿತು. 2020ರ ಫೆಬ್ರುವರಿಯಲ್ಲಿ ಬೀದರಿಗೂ ಅದೇ ಕಂಪೆನಿ ಬಂದಿತು. ಮೂರು ವರ್ಷಗಳ ಅವಧಿ ತುಂಬುವ ಹೊತ್ತಿಗೆ ಸಾಂಕ್ರಾಮಿಕ ರೋಗದ ಕಾಲ ಎದುರಾಯಿತು. 2022ರ ಫೆಬ್ರುವರಿಯಲ್ಲಿ ಟ್ರೂಜೆಟ್ ಹಾರಾಟವನ್ನು ನಿಲ್ಲಿಸಿತು. ಉಡಾನ್ ಯೋಜನೆಯಡಿ ಅದೇ ಹಳೆಯ ಹೆಸರಿನಿಂದ ಮರಳಿ ಬಂದಿದ್ದ ಏರ್ ಡೆಕ್ಕನ್, 2020ರ ಏಪ್ರಿಲಿನಲ್ಲಿ ತನ್ನ ನೌಕರರೆಲ್ಲರನ್ನೂ ಸಂಬಳವಿಲ್ಲದ ರಜೆಯ ಮೇಲೆ ಕಳುಹಿಸಿತು. ಇದಕ್ಕೆ ಪ್ರತಿಯಾಗಿ ನಿಂತು ಬೆಳೆದ ಉದಾಹರಣೆಯೂ ಉಂಟು. 2019ರ ಜನವರಿಯಲ್ಲಿ ಹುಬ್ಬಳ್ಳಿ, ಬೆಂಗಳೂರುಗಳ ನಡುವೆ ಹಾರಾಟ ತೊಡಗಿದ ಸ್ಟಾರ್ ಏರ್, ಐವತ್ತು ಆಸನಗಳ ಎಂಬ್ರಾಯರ್ ಜೆಟ್ ವಿಮಾನಗಳಿಂದ ಬೆಳಗಾವಿ, ಕಲಬುರಗಿಗಳನ್ನು ಮುಟ್ಟಿ, 2023ರಲ್ಲಿ ಎಪ್ಪತ್ತಾರು ಆಸನಗಳ ವಿಮಾನಗಳನ್ನು ತಂದಿತು. ಸರ್ಕಾರದ ಒಡೆತನದ ಅಲಯನ್ಸ್ ಏರ್ ಕೂಡ ಎ.ಟಿ.ಆರ್. ವಿಮಾನಗಳಿಂದ ಸಣ್ಣ ಊರುಗಳಿಗೆ ಹಾರುತ್ತದೆ. ಆದರೆ ಅಲ್ಲಿಯೂ ಚಾಲಕರ ನೇಮಕ ನಿಶ್ಚಿತ ಅವಧಿಯ ಕರಾರಿನ ಮೇಲೆ ನಡೆದಿದೆ. ಸರ್ಕಾರಿ ಸೇವೆ ಎಂದೊಡನೆ ಶಾಶ್ವತ ಸೇವೆ ಎಂದು ಭಾವಿಸುವ ನಮ್ಮ ವಿದ್ಯಾರ್ಥಿಗಳು ಈ ಅಂಶವನ್ನು ತಿಳಿದಿರಬೇಕು.

ಈಗ ಕರಾರನ್ನು ಮುರಿಯುವ ಅಧಿಕಾರದ ಪ್ರಶ್ನೆಗೆ ಬರೋಣ. ಚಾಲಕರು ಗುಂಪುಗುಂಪಾಗಿ ಕಂಪೆನಿಗಳನ್ನು ಬಿಟ್ಟು ವಿಮಾನಗಳು ನಿಲ್ಲುವಂತಾದಾಗ, ನಾಗರಿಕ ವಿಮಾನಯಾನದ ಮಹಾನಿರ್ದೇಶನಾಲಯ 2005ರಲ್ಲಿ ಆರು ತಿಂಗಳ ಮುಂಗಡ ನೋಟೀಸನ್ನು ವಿಧಿಸಿತು. 2017ರ ಆಗಸ್ಟಿನಲ್ಲಿ ಮುಖ್ಯ ಚಾಲಕರಿಗೆ ಅದನ್ನು ಒಂದು ವರ್ಷಕ್ಕೆ ಏರಿಸಲಾಯಿತು. ಸಹಚಾಲಕರಿಗೆ ಆರು ತಿಂಗಳೇ ಉಳಿಯಿತು. ಸಾಮಾನ್ಯ ನೌಕರಿಗಳಲ್ಲಿ ಒಂದರಿಂದ ಮೂರು ತಿಂಗಳ ನೋಟೀಸು ವಾಡಿಕೆಯಾಗಿರುವಾಗ ಇದು ಅಸಾಧಾರಣವಾದುದು. ಚಾಲಕರ ಸಂಘಗಳು ಇದನ್ನು ದಿಲ್ಲಿಯ ಉಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಿದುವು. 2023ರಲ್ಲಿ ಆಕಾಸ ಏರ್ ಸಂಸ್ಥೆ ನೋಟೀಸಿನ ಅವಧಿಯನ್ನು ಪೂರೈಸದೆ ಹೋದ ಚಾಲಕರ ಮೇಲೆ ಮುಂಬಯಿಯಲ್ಲಿ ಮೊಕದ್ದಮೆ ಹೂಡಿತು.

ಈ ನಿಯಮದ ಸಮರ್ಥನೆಯನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಮುಖ್ಯ ಚಾಲಕನನ್ನು ತಯಾರಿಸಲು ತಿಂಗಳುಗಳು ಬೇಕು. ಅವನು ಹಠಾತ್ತಾಗಿ ಹೋದರೆ ಪ್ರಯಾಣಿಕನು ನಿಲ್ದಾಣದಲ್ಲಿ ಕಾಯಬೇಕಾಗುತ್ತದೆ. ನಾಲ್ಕಾರು ವಿಮಾನಗಳುಳ್ಳ ಪ್ರಾದೇಶಿಕ ಕಂಪೆನಿಯಿಂದ ಕೆಲವೇ ಚಾಲಕರು ಹೋದರೂ ಒಂದು ಊರಿನ ಸೇವೆಯೇ ನಿಂತುಹೋಗಬಹುದು. ನೋಟೀಸಿನ ಅವಧಿಯಲ್ಲಿ ಚಾಲಕನ ನ್ಯಾಯವಾದ ಹಕ್ಕುಗಳನ್ನು ಕಂಪೆನಿ ಕಸಿದುಕೊಳ್ಳಕೂಡದೆಂದು ನಿಯಮವೇ ಹೇಳಿದೆ. ಆದರೆ ಚಾಲಕನು ಬಿಟ್ಟುಹೋಗುವುದರಿಂದಾಗುವ ಸಾರ್ವಜನಿಕ ಹಾನಿಯನ್ನು ತಡೆಯಲು ಒಂದು ವರ್ಷದ ತಡೆಯುಂಟು. ಕಂಪೆನಿಯೇ ಬಾಗಿಲು ಹಾಕುವುದರಿಂದಾಗುವ ಹಾನಿಗೆ ಚಾಲಕನ ಕೈಯಲ್ಲಿ ಅದಕ್ಕೆ ಸಮನಾದ ಕಾವಲಿಲ್ಲ. ಈ ಅಸಮತೆಯೇ ಆಕ್ಷೇಪಾರ್ಹವಾದುದು.

ನೋಟೀಸಿನ ಜೊತೆಗೆ ಮುಚ್ಚಳಿಕೆಯೂ ಉಂಟು. ವಿಮಾನದ ಜಾತಿಯ ಶಿಕ್ಷಣಕ್ಕೆ ಕಂಪೆನಿ ಹಣ ತೊಡಗಿಸಿದರೆ, ಇಂತಿಷ್ಟು ವರ್ಷ ಸೇವೆ ಸಲ್ಲಿಸುವೆನು, ತಪ್ಪಿದರೆ ಇಂತಿಷ್ಟು ಹಣ ತೆರುವೆನು ಎಂದು ತರುಣನಿಂದ ಬರೆಯಿಸಿಕೊಳ್ಳುವುದು ವಾಡಿಕೆ. 1872ರ ಕರಾರು ಶಾಸನದ 27ನೆಯ ಪ್ರಕರಣ ವೃತ್ತಿಗೆ ತಡೆಹಾಕುವ ಕರಾರನ್ನು ಅಸಿಂಧುವೆನ್ನುತ್ತದೆ. ಆದರೆ ಸೇವೆಯಲ್ಲಿರುವ ಕಾಲಕ್ಕೆ ಅನ್ವಯಿಸುವ ತಡೆಯನ್ನು ನ್ಯಾಯಾಲಯಗಳು ಒಪ್ಪಿವೆ. ಕರ್ನಾಟಕದ ಉಚ್ಚ ನ್ಯಾಯಾಲಯದಿಂದ ಮೇಲ್ಮನವಿಯಾಗಿ ಹೋದ ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2025ರ ಮೇ ತಿಂಗಳಲ್ಲಿ, ಮೂರು ವರ್ಷ ಸೇವೆ ಸಲ್ಲಿಸಬೇಕು, ಇಲ್ಲವಾದರೆ ಎರಡು ಲಕ್ಷ ರೂಪಾಯಿ ತೆರಬೇಕು ಎಂಬ ಷರತ್ತನ್ನು ಎತ್ತಿಹಿಡಿಯಿತು. ಅದು ಬ್ಯಾಂಕಿನ ಅಧಿಕಾರಿಯ ವಿಷಯವಾದರೂ, ಮುಚ್ಚಳಿಕೆಯನ್ನು ಬರಿಯ ಕಾಗದವೆಂದು ತಿಳಿಯುವ ತರುಣರು ಇದರಿಂದ ಎಚ್ಚರಗೊಳ್ಳಬೇಕು. ಶಿಕ್ಷಣದ ಖರ್ಚನ್ನು ಚಾಲಕನೇ ಹೊತ್ತಿದ್ದರೂ ಮುಚ್ಚಳಿಕೆಯನ್ನು ಕೇಳುವ ಕಂಪೆನಿ ಮಾತ್ರ ಮೊದಲ ಪ್ರಶ್ನೆಗೆ, ಎಂದರೆ ಸಜ್ಜುಗೊಳಿಸುವ ವೆಚ್ಚ ಯಾರದು ಎಂಬುದಕ್ಕೆ, ಉತ್ತರ ಕೊಡಬೇಕಾಗುತ್ತದೆ.

ಇದು ಕೇವಲ ಸಂಬಳದ ಜಗಳವಲ್ಲವೆಂಬುದಕ್ಕೆ ಅಮೆರಿಕದ ನಿದರ್ಶನವೊಂದು ಸಾಕು. 2009ರ ಫೆಬ್ರುವರಿ 12ರಂದು ಕೋಲ್ಗನ್ ಏರ್ ಎಂಬ ಪ್ರಾದೇಶಿಕ ಕಂಪೆನಿಯ ಪಂಖದ ವಿಮಾನ ಬಫಲೋ ನಗರದ ಬಳಿ ಮನೆಯೊಂದರ ಮೇಲೆ ಬಿದ್ದು ಐವತ್ತು ಜನ ಮಡಿದರು. ಮುಖ್ಯ ಚಾಲಕನು ಅಪಾಯದ ಸೂಚನೆಗೆ ತಪ್ಪಾಗಿ ಪ್ರತಿಕ್ರಿಯಿಸಿದುದೇ ಕಾರಣವೆಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ಅದೇ ವಿಚಾರಣೆ ಪ್ರಾದೇಶಿಕ ಸಹಚಾಲಕರ ಅಲ್ಪ ಸಂಬಳವನ್ನೂ, ದೂರದ ಊರುಗಳಿಂದ ಬಂದು ನಿದ್ರೆಗೆಟ್ಟು ಕೆಲಸಕ್ಕೆ ಕೂಡುವ ಸ್ಥಿತಿಯನ್ನೂ ದೇಶದ ಮುಂದಿಟ್ಟಿತು. 2013ರಿಂದ ಅಲ್ಲಿ ಸಹಚಾಲಕನಿಗೂ ಸಾಮಾನ್ಯವಾಗಿ 1,500 ಗಂಟೆಗಳ ಹಾರಾಟ ಕಡ್ಡಾಯವಾಯಿತು. ಚಾಲಕರು ವಿರಳರಾದಂತೆ ಮುಂದಿನ ವರ್ಷಗಳಲ್ಲಿ ಪ್ರಾದೇಶಿಕ ಕಂಪೆನಿಗಳು ಸಂಬಳವನ್ನು ಏರಿಸಬೇಕಾಯಿತು. ಹಲವು ಸಣ್ಣ ಊರುಗಳು ವಿಮಾನಸೇವೆಯನ್ನೂ ಕಳೆದುಕೊಂಡುವು. ಸಣ್ಣ ವಿಮಾನವನ್ನು ಕೇವಲ ದೊಡ್ಡದರ ಮೆಟ್ಟಿಲೆಂದು ಕಾಣುವ ವ್ಯವಸ್ಥೆಯ ಬೆಲೆಯನ್ನು ಮೊದಲು ಚಾಲಕನೂ ತರುವಾಯ ಪ್ರಯಾಣಿಕನೂ ತೆರುತ್ತಾರೆ.

ನಮ್ಮ ಐದು ತಾಲ್ಲೂಕುಗಳಿಗೆ ಇದರಿಂದೇನು ಎಂದು ಕೇಳಬಹುದು. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಗಳು ಅದರಲ್ಲಿ ಸೇರಿದುವು. ವಿದ್ಯಾನಗರದ ನಿಲ್ದಾಣವಿರುವ ಸಂಡೂರು ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿಯಿತು. ಮಳೆಯನ್ನು ನೆಚ್ಚಿದ ಈ ಸೀಮೆಯಿಂದ ಕೂಲಿಗಾಗಿ ಕಾಫಿಯ ತೋಟಗಳಿಗೂ ಬೆಂಗಳೂರಿಗೂ ವಲಸೆ ಹೋಗುವುದು ಬಹುಕಾಲದ ಪದ್ಧತಿ. 2021ರಲ್ಲಿ ಬೆಳಗಾವಿ, ಕಲಬುರಗಿ ನಿಲ್ದಾಣಗಳು ಹೊಸ ವೈಮಾನಿಕ ಶಿಕ್ಷಣಶಾಲೆಗಳಿಗಾಗಿ ಆಯ್ಕೆಯಾದಂದಿನಿಂದ ಶಿಕ್ಷಣವೂ ಹತ್ತಿರ ಬಂದಿದೆ. ಆದರೆ ಆ ಶಿಕ್ಷಣಕ್ಕೆ ಹತ್ತಾರು ಲಕ್ಷ ರೂಪಾಯಿಗಳು ಬೇಕು. ಹಡಗಲಿಯ ಮಲ್ಲಿಗೆಯ ತೋಟವನ್ನೋ ಕೊಟ್ಟೂರಿನ ಎರೆಹೊಲವನ್ನೋ ಒತ್ತೆಯಿಟ್ಟು ಮಗನನ್ನೋ ಮಗಳನ್ನೋ ಕಳುಹಿಸುವ ತಂದೆಗೆ ಲೈಸೆನ್ಸು ಎಂಬುದು ಕೊನೆಯ ಮೆಟ್ಟಿಲಾಗಿ ಕಾಣುತ್ತದೆ. ವಾಸ್ತವವಾಗಿ ಅದು ಮೊದಲನೆಯದು. ಮೊದಲ ಬಲಪೀಠ ದೊರೆಯುವ ತನಕ ಕಾಯಬೇಕು. ದೊರೆತ ಮೇಲೆ ಕಂಪೆನಿ ಬದುಕಿರಬೇಕು. ಬದುಕಿದರೂ ಮುಚ್ಚಳಿಕೆ ತೀರಬೇಕು. ಇಷ್ಟರಲ್ಲಿ ಸಾಲದ ಬಡ್ಡಿ ಮಾತ್ರ ನಿಲ್ಲುವುದಿಲ್ಲ.

ಮೇಲ್ಕಂಡ ವಿವೇಚನೆಯಿಂದ ನಮಗೆ ತೋರುವುದಿಷ್ಟು. ಪ್ರಾದೇಶಿಕ ಚಾಲಕನು ಸಣ್ಣ ಊರಿನ ಸೇವೆಯಲ್ಲಿ ನಿಲ್ಲಲಾರನೆಂಬ ದೂರು ಕಂಪೆನಿಗಳಿಂದ ಕೇಳಿಬರುತ್ತದೆ. ಅವನು ನಿಲ್ಲುವಂತಹ ಮೆಟ್ಟಿಲನ್ನು ಅಲ್ಲಿ ಯಾರೂ ಕಟ್ಟಿಲ್ಲವೆಂಬುದು ಚರಿತ್ರೆಯ ಉತ್ತರ. 1953ರ ಶಾಸನ ಕಂಪೆನಿಯನ್ನು ಕೊಳ್ಳುವಾಗ ಸೇವಕನನ್ನು ಮರೆಯಲಿಲ್ಲ. ಇಂದು ಸಾರ್ವಜನಿಕ ಧನದಿಂದ ಸಹಾಯ ಪಡೆಯುವ ಪ್ರತಿಯೊಂದು ದಾರಿಗೂ ಮೂರು ಷರತ್ತುಗಳನ್ನು ಸೇರಿಸುವುದು ಅಸಾಧ್ಯವಲ್ಲ: ಸಹಾಯಧನದ ಒಂದು ಭಾಗ ಸಂಬಳದ ಬಾಕಿಗೆ ಜಾಮೀನಾಗಿರಬೇಕು, ಕಂಪೆನಿ ಹಾರಾಟ ನಿಲ್ಲಿಸಿದರೆ ಅಥವಾ ಸಂಬಳ ತಪ್ಪಿಸಿದರೆ ನೋಟೀಸೂ ಮುಚ್ಚಳಿಕೆಯೂ ತಾವಾಗಿಯೇ ಬಿದ್ದುಹೋಗಬೇಕು, ಕಂಪೆನಿಯೇ ಹಣ ತೊಡಗಿಸಿದ ಶಿಕ್ಷಣಕ್ಕೆ ಮಾತ್ರ ಮುಚ್ಚಳಿಕೆ ಇದ್ದು, ಸೇವೆಯ ವರ್ಷಗಳು ಕಳೆದಂತೆ ಅದರ ಮೊತ್ತ ಇಳಿಯುತ್ತಿರಬೇಕು. ನಮ್ಮ ಕಾಲೇಜುಗಳ ಅಧ್ಯಾಪಕರು ಈ ವೃತ್ತಿಯನ್ನು ಬಯಸುವ ವಿದ್ಯಾರ್ಥಿಗಳಿಗೆ ಲೈಸೆನ್ಸಿನ ನಿಯಮಗಳೊಡನೆ ಕರಾರಿನ ನಿಯಮಗಳನ್ನೂ ಓದಿಸಿದರೆ ಉಪಕಾರವಾದೀತು. ಹೊಲದ ಪತ್ರವನ್ನು ಹತ್ತು ಸಲ ಓದಿಸಿ ಕೇಳಿದ ಮೇಲೆ ಹೆಬ್ಬೆಟ್ಟೊತ್ತುತ್ತಿದ್ದ ಹಿರಿಯರ ಸೀಮೆ ಇದು. ಅವರ ಮೊಮ್ಮಕ್ಕಳು ಮುಚ್ಚಳಿಕೆಗೆ ಸಹಿ ಹಾಕುವ ಮೊದಲು ಅಷ್ಟೇ ಎಚ್ಚರ ವಹಿಸುವುದು ಯುಕ್ತ.